210 ನ್ಯೂಟನ್‌ಮೀಟರ್: ಸಕ್ಕರೆ ಕಾರ್ಖಾನೆಯೊಂದರ ಬೋಲ್ಟ್ ಮುರಿತದ ಪ್ರಕರಣ

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಒಂದೇ ಹಂಗಾಮಿನ ಅವಧಿಯಲ್ಲಿ ನಡೆದ ಸಂಗತಿ ಇದು. ಕಾರ್ಖಾನೆಯ ಹೆಸರಾಗಲಿ, ಯಂತ್ರ ತಯಾರಿಸಿಕೊಟ್ಟ ಸಂಸ್ಥೆಯ ಹೆಸರಾಗಲಿ, ಅಲ್ಲಿ ಕೈಜೋಡಿಸಿದವರ ಗುರುತಾಗಲಿ ಇಲ್ಲಿಲ್ಲ. ಅಂಕಿಗಳನ್ನು ದುಂಡಾಗಿಸಿದ್ದೇನೆ, ಆದರೆ ಓದುವವರು ಕಾಗದದ ಮೇಲೆ ಮತ್ತೆ ಲೆಕ್ಕ ಹಾಕಿ ನೋಡುವಂತೆ ಇಟ್ಟಿದ್ದೇನೆ. ಯಂತ್ರ ತಯಾರಿಸಿದ ಸಂಸ್ಥೆಯ ವಿನ್ಯಾಸ ವಿಭಾಗದಲ್ಲಿ ನಾನಿದ್ದೆ. ಮುರಿದ ಬೋಲ್ಟುಗಳ ಮೂಲ ಲೆಕ್ಕವೂ ನನ್ನದೇ.

ಯಂತ್ರ ಮತ್ತು ಅದರ ಲೆಕ್ಕ

ಸೆಂಟ್ರಿಫ್ಯೂಗಲ್ ಯಂತ್ರಗಳಿಂದ ಇಳಿಯುವ ಹಸಿ ಸಕ್ಕರೆಯನ್ನು ಮುಂದಕ್ಕೆ ಒಯ್ಯಲು ಗ್ರಾಸ್‌ಹಾಪರ್ ಕನ್ವೇಯರ್ ಬಳಸುತ್ತಾರೆ. ಉದ್ದನೆಯ ಉಕ್ಕಿನ ತೊಟ್ಟಿ, ಅದನ್ನು ಹೊತ್ತು ಓರೆಯಾಗಿ ನಿಂತ ಸ್ಪ್ರಿಂಗ್ ಹಲಗೆಗಳು, ಒಂದು ತುದಿಯಲ್ಲಿ ಎಕ್ಸೆಂಟ್ರಿಕ್ ಶಾಫ್ಟ್, ಅಂದರೆ ನಡುವಿನಿಂದ ಸರಿದ ಅಕ್ಷದ ಸುತ್ತ ತಿರುಗುವ ದಂಡ. ಶಾಫ್ಟ್ ತಿರುಗಿದಂತೆ ತೊಟ್ಟಿ ಹಿಂದೆ ಮುಂದೆ ಜಿಗಿಯುತ್ತದೆ, ಸಕ್ಕರೆ ಪ್ರತಿ ಜಿಗಿತಕ್ಕೂ ಒಂದಿಷ್ಟು ಮುಂದೆ ಸರಿಯುತ್ತದೆ. ನಮ್ಮ ಯಂತ್ರದಲ್ಲಿ ಚಲಿಸುವ ಭಾಗದ ತೂಕ ಸಕ್ಕರೆಯೂ ಸೇರಿ ಸುಮಾರು 1,200 ಕೆಜಿ. ಎಕ್ಸೆಂಟ್ರಿಕ್ ತ್ರಿಜ್ಯ 12.5 ಮಿಲಿಮೀಟರ್, ವೇಗ ನಿಮಿಷಕ್ಕೆ 350 ಸುತ್ತು.

ಇಷ್ಟು ತೂಕವನ್ನು ಇಷ್ಟು ವೇಗದಲ್ಲಿ ಹಿಂದೆ ಮುಂದೆ ಎಳೆದಾಡಲು ಬೇಕಾದ ಬಲ ಸುಮಾರು 20 ಕಿಲೋನ್ಯೂಟನ್. ಸ್ಪ್ರಿಂಗ್ ಹಲಗೆಗಳು ಅದರಲ್ಲೊಂದು ಪಾಲನ್ನು ಹೊರುತ್ತವೆ. ಸುರಕ್ಷತೆಯ ದೃಷ್ಟಿಯಿಂದ ಆ ಪಾಲನ್ನು ಕಳೆಯದೆ ಪೂರ್ತಿ ಬಲ ಶಾಫ್ಟಿನ ಬೇರಿಂಗುಗಳನ್ನು ಹೊತ್ತ ಎರಡು ಪ್ಲಮ್ಮರ್ ಬ್ಲಾಕ್‌ಗಳ ಮೇಲೆ ಬರುತ್ತದೆ ಎಂದು ಹಿಡಿದಿದ್ದೆ. ಪ್ರತಿ ಬ್ಲಾಕಿಗೆ ಎರಡರಂತೆ ಎಂ16 ಅಳತೆಯ (16 ಮಿಲಿಮೀಟರ್ ವ್ಯಾಸದ), 8.8 ದರ್ಜೆಯ (ಉಕ್ಕಿನ ಬಲದ ದರ್ಜೆ) ನಾಲ್ಕು ಬೋಲ್ಟುಗಳು. ಒಂದೊಂದು ಬೋಲ್ಟಿನ ಪಾಲಿಗೆ 5 ಕಿಲೋನ್ಯೂಟನ್ ಅಡ್ಡಬಲ, ಸೆಕೆಂಡಿಗೆ ಸುಮಾರು ಆರು ಬಾರಿ ಹಿಂದಕ್ಕೂ ಮುಂದಕ್ಕೂ.

ಇಂಥ ಜೋಡಣೆಯಲ್ಲಿ ಅಡ್ಡಬಲವನ್ನು ಬೋಲ್ಟು ತನ್ನ ಮೈಯಿಂದ ತಡೆಯಬಾರದು. ಬೋಲ್ಟು ಬ್ಲಾಕನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಆ ಒತ್ತುವಿಕೆಯಿಂದ ಹುಟ್ಟುವ ಘರ್ಷಣೆಯೇ ಅಡ್ಡಬಲವನ್ನು ತಡೆಯಬೇಕು. ಘರ್ಷಣಾಂಕ 0.2 ಎಂದರೆ ಪ್ರತಿ ಬೋಲ್ಟಿನಲ್ಲಿ 25 ಕಿಲೋನ್ಯೂಟನ್ ಹಿಡಿತದ ಬಲ ಸಾಕು. ಎಂ16 8.8 ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳಬಲ್ಲ ಬಲ ಸುಮಾರು 91 ಕಿಲೋನ್ಯೂಟನ್. ಅದರ ಮುಕ್ಕಾಲು ಭಾಗ, ಅಂದರೆ 68 ಕಿಲೋನ್ಯೂಟನ್, ನಮ್ಮ ಗುರಿ. ಒಣ ಬೋಲ್ಟಿನಲ್ಲಿ ಟಾರ್ಕನ್ನು, ಅಂದರೆ ನಟ್ಟು ತಿರುಗಿಸುವ ತಿರುಚುಬಲವನ್ನು, ಹಿಡಿತಕ್ಕೆ ತಳಕು ಹಾಕಲು ಸಾಮಾನ್ಯವಾಗಿ ಹಿಡಿಯುವ 0.2 ಗುಣಾಂಕದಿಂದ 218 ನ್ಯೂಟನ್‌ಮೀಟರ್ ಬಂತು; ನಕ್ಷೆಯಲ್ಲಿ 210 ಎಂದು ಬರೆದೆವು. ಬೇಕಾದ್ದು 25, ಕೊಡುವುದು 65ಕ್ಕಿಂತ ಹೆಚ್ಚು. ಕಂಪ್ಯೂಟರಿನಲ್ಲಿ ಮಾಡಿದ ಸ್ಟ್ರೆಸ್ (ಲೋಹದೊಳಗಿನ ಒತ್ತಡ) ವಿಶ್ಲೇಷಣೆಯೂ ಬೋಲ್ಟಿನಲ್ಲಿ ಏರಿಳಿಯುವ ಸ್ಟ್ರೆಸ್ 5 ಮೆಗಾಪಾಸ್ಕಲ್ ದಾಟದು ಎಂದಿತು. ಬಣ್ಣದ ಚಿತ್ರದಲ್ಲಿ ಬೋಲ್ಟಿನ ಸುತ್ತ ಎಲ್ಲವೂ ನೀಲಿ, ಅಂದರೆ ಸ್ಟ್ರೆಸ್ ಕಡಿಮೆ. ನಕ್ಷೆಗೆ ಸಹಿ ಬಿತ್ತು.

ಮೂರನೆಯ ವಾರ

ಕಬ್ಬು ನುರಿಸಲು ಶುರುವಾಗಿ ಮೂರನೆಯ ವಾರಕ್ಕೆ ಒಂದು ಬೋಲ್ಟು ಮುರಿದು ನೆಲಕ್ಕೆ ಬಿತ್ತು. ಅದೇ ಬ್ಲಾಕಿನ ಇನ್ನೊಂದು ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು. ಕಾರ್ಖಾನೆಯವರು ಎರಡನ್ನೂ ಬದಲಿಸಿ, ಸ್ಪ್ರಿಂಗ್ ವಾಷರ್ ಹಾಕಿ, ಪಾನಾಕ್ಕೆ ಪೈಪ್ ತೂರಿಸಿ ಕೈಲಾದಷ್ಟು ಬಿಗಿ ಮಾಡಿ ಯಂತ್ರ ಓಡಿಸಿದರು. ಹಂಗಾಮಿನಲ್ಲಿ ಬೇರೆ ದಾರಿಯೂ ಇರಲಿಲ್ಲ. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ ಯಾರೂ ಟಾರ್ಕ್ ರೆಂಚ್ ಹುಡುಕುತ್ತಾ ಕೂರುವುದಿಲ್ಲ.

ಹನ್ನೊಂದು ದಿನಕ್ಕೆ ಮತ್ತೆ ಮುರಿಯಿತು. ದಿನಕ್ಕೆ ಐದು ಲಕ್ಷ ಜಿಗಿತ. ಹನ್ನೊಂದು ದಿನವೆಂದರೆ ಸುಮಾರು 55 ಲಕ್ಷ. ಈ ಸಲ ನಮಗೆ ಕರೆ ಬಂತು.

ಸ್ಥಳಕ್ಕೆ ಹೋಗುವ ಮೊದಲೇ ನಮ್ಮ ಕಚೇರಿಯಲ್ಲಿ ಒಂದು ನಿರ್ಧಾರ ಆಗಿಹೋಗಿತ್ತು: 10.9 ದರ್ಜೆಯ ಬೋಲ್ಟು ಕಳುಹಿಸುವುದು. ಮುರಿದದ್ದಕ್ಕಿಂತ ಗಟ್ಟಿಯಾದದ್ದನ್ನು ಹಾಕೋಣ ಎಂಬುದು ಸಹಜವಾದ ಯೋಚನೆ. ನಾನೂ ಒಪ್ಪಿದ್ದೆ. ಅದು ತಪ್ಪು ನಿರ್ಧಾರ ಎಂಬುದಕ್ಕೆ ಕಾರಣ ಪುಸ್ತಕದಲ್ಲೇ ಇತ್ತು. ಏರಿಳಿಯುವ ಭಾರಕ್ಕೆ ಥ್ರೆಡ್ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆ) ತಾಳುವ ಮಿತಿ ಬೋಲ್ಟಿನ ದರ್ಜೆಯ ಮೇಲೆ ಬಹುಮಟ್ಟಿಗೆ ನಿಲ್ಲುವುದಿಲ್ಲ. ಬೋಲ್ಟ್ ಜೋಡಣೆಗಳ ಕುರಿತ ಜರ್ಮನ್ ಮಾರ್ಗಸೂಚಿ ವಿಡಿಐ 2230ರ ಸೂತ್ರದಲ್ಲಿ, ಉಷ್ಣ ಸಂಸ್ಕಾರಕ್ಕೆ ಮೊದಲು ಉರುಳೆಗಳ ನಡುವೆ ಒತ್ತಿ ಥ್ರೆಡ್ ಮೂಡಿಸಿದ ಎಂ16 ಬೋಲ್ಟಿಗೆ ಈ ಮಿತಿ ಸುಮಾರು 46 ಮೆಗಾಪಾಸ್ಕಲ್. 8.8ಕ್ಕೂ ಅಷ್ಟೇ, 10.9ಕ್ಕೂ ಅಷ್ಟೇ. 10.9ರ ಲಾಭ ಅದನ್ನು ಇನ್ನಷ್ಟು ಎಳೆದು ಬಿಗಿ ಮಾಡಿದಾಗ ಮಾತ್ರ. ನಾವು ಅದೇ 210ಕ್ಕೆ ಬಿಗಿ ಮಾಡಲು ಹೇಳಿ ಕಳುಹಿಸಿದ್ದೆವು. ಹದಿನಾಲ್ಕು ದಿನ ಬಾಳಿತು.

ಕೆಂಪು ಪುಡಿ

ಮುರಿದ ಬೋಲ್ಟುಗಳನ್ನು ಕಾರ್ಖಾನೆಯ ಹಿರಿಯ ಫಿಟ್ಟರ್ ಒಂದು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದರು. ಈ ಪ್ರಕರಣ ಬಗೆಹರಿದದ್ದರಲ್ಲಿ ಅವರ ಆ ಒಂದು ಎಚ್ಚರದ ಪಾಲು ದೊಡ್ಡದು. ಮುರಿತ ನಟ್ಟಿನೊಳಗಿನ ಮೊದಲನೆಯ ಥ್ರೆಡ್ಡಿನ ಬುಡದಲ್ಲಿತ್ತು. ಮುರಿದ ಮುಖದ ಮುಕ್ಕಾಲು ಭಾಗ ನುಣುಪು. ಅದರ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳು, ತೆರೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವಂಥವು. ಉಳಿದ ಕಾಲು ಭಾಗ ಮಾತ್ರ ಒರಟಾಗಿ ಹರಿದಿತ್ತು. ಒಮ್ಮೆಲೇ ಬಿದ್ದ ಭಾರಕ್ಕೆ ಮುರಿದ ಬೋಲ್ಟಿನಲ್ಲಿ ಈ ಗೆರೆಗಳಿರುವುದಿಲ್ಲ. ಇದು ಲೋಹದ ದಣಿವು, ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬೆಳೆದ ಬಿರುಕು. ಗೆರೆಗಳು ಎರಡು ಎದುರುಬದುರು ಅಂಚುಗಳಿಂದ ಹೊರಟಿದ್ದವು. ಬೋಲ್ಟು ಎಡಕ್ಕೂ ಬಲಕ್ಕೂ ಬಾಗುತ್ತಿತ್ತು ಎಂದು ಅದರ ಅರ್ಥ.

ನನ್ನ ಲೆಕ್ಕದ ಪ್ರಕಾರ ಅದು ಬಾಗಲು ಸಾಧ್ಯವೇ ಇರಲಿಲ್ಲ. ಬ್ಲಾಕ್ ಜಾರಿದರೆ ಮಾತ್ರ ಬೋಲ್ಟು ಬಾಗುತ್ತದೆ. ಬ್ಲಾಕ್ ಜಾರುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಇಡೀ ವಿಶ್ಲೇಷಣೆ ನಿಂತಿತ್ತು.

ಬ್ಲಾಕ್ ಎತ್ತಿಸಿ ಕೆಳಗಿನ ತಟ್ಟೆ ನೋಡಿದೆವು. ಬೋಲ್ಟಿನ ತೂತಿನ ಸುತ್ತ ಕನ್ನಡಿಯಂತೆ ಹೊಳೆಯುವ ಕಲೆ, ಅದರ ಅಂಚಿಗೆ ಗ್ರೀಸಿನಲ್ಲಿ ಕಲಸಿದ ಕುಂಕುಮದಂಥ ಕೆಂಪು ಪುಡಿ.

“ಇದು ತುಕ್ಕಾ, ಕಾಕಾ?” ಎಂದು ಆ ಫಿಟ್ಟರನ್ನು ಕೇಳಿದೆ.

“ತುಕ್ಕು ಅಂತಲೇ ತಿಳಿದಿದ್ದೆ, ಸಾಹೇಬರೇ. ಆದರೆ ಒರೆಸಿದ ಮರುದಿನವೇ ಮತ್ತೆ ಇರುತ್ತದೆ. ತುಕ್ಕು ಇಷ್ಟು ಬೇಗ ಹಿಡಿಯುವುದಿಲ್ಲ.”

ಎರಡು ಉಕ್ಕಿನ ಮೈಗಳು ಬಿಗಿಯಾಗಿ ಒತ್ತಿಕೊಂಡು ಕೂದಲೆಳೆಯಷ್ಟು ಉಜ್ಜಿಕೊಂಡಾಗ ಏಳುವ ಪುಡಿ ಅದು. ಮೊದಲ ಬೋಲ್ಟು ಮುರಿಯುವುದಕ್ಕೂ ವಾರ ಮುಂಚೆಯೇ ಅವರು ಅದನ್ನು ಕಂಡಿದ್ದರು. ನಮ್ಮ ನಿರ್ವಹಣಾ ಪುಸ್ತಿಕೆಯಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ರಾತ್ರಿ ಅತಿಥಿಗೃಹದಲ್ಲಿ ಕುಳಿತು ವಿಶ್ಲೇಷಣೆಯ ಮಾದರಿಯನ್ನು ಮತ್ತೆ ತೆರೆದೆ. ಬ್ಲಾಕಿಗೂ ತಟ್ಟೆಗೂ ನಡುವಿನ ಸಂಪರ್ಕವನ್ನು ‘ಅಂಟಿಕೊಂಡದ್ದು’ ಎಂದು ಗುರುತಿಸಿತ್ತು. ಲೆಕ್ಕ ಬೇಗ ಮುಗಿಯಲಿ ಎಂದು ಹಾಗೆ ಮಾಡಿದ್ದೆ. ಎಷ್ಟೋ ಮಂದಿ ಹಾಗೆಯೇ ಮಾಡುತ್ತಾರೆ. ಅಂಟಿಸಿದ ಜೋಡಣೆಯಲ್ಲಿ ಬೋಲ್ಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 5 ಮೆಗಾಪಾಸ್ಕಲ್ ಎಂಬ ಉತ್ತರ ಅಲ್ಲಿಂದ ಬಂದದ್ದು. ಸಂಪರ್ಕವನ್ನು ಘರ್ಷಣೆಯದ್ದಾಗಿ ಬದಲಿಸಿ, ಹಿಡಿತದ ಬಲವನ್ನು 68ರಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆ. 25ರ ಕೆಳಗೆ ಇಳಿದ ಕೂಡಲೇ ಬ್ಲಾಕ್ ಜಾರಿತು, ಥ್ರೆಡ್ಡಿನ ಬುಡದಲ್ಲಿ ಏರಿಳಿಯುವ ಸ್ಟ್ರೆಸ್ 90 ಮೆಗಾಪಾಸ್ಕಲ್ ಹತ್ತಿರ ಹೋಯಿತು. ತಾಳುವ ಮಿತಿಯ ಎರಡರಷ್ಟು. ಹಿಡಿತ ನಿಜವಾಗಿ ಎಷ್ಟಿದೆ ಎಂಬುದನ್ನು ಇನ್ನು ಅಳೆದೇ ನೋಡಬೇಕಿತ್ತು.

ಎರಡು ಉಕ್ಕಿನ ಗುಂಡು, ಒಂದು ಮೈಕ್ರೋಮೀಟರ್

ಟಾರ್ಕ್ ರೆಂಚ್ ಹಿಡಿತದ ಬಲವನ್ನು ಅಳೆಯುವುದಿಲ್ಲ. ನಟ್ಟು ತಿರುಗಲು ಎಷ್ಟು ಅಡ್ಡಿ ಇದೆ ಎಂಬುದನ್ನಷ್ಟೇ ಅಳೆಯುತ್ತದೆ. ಎಂ16 ಬೋಲ್ಟಿನ ಥ್ರೆಡ್ ಅಂತರ 2 ಮಿಲಿಮೀಟರ್. 68 ಕಿಲೋನ್ಯೂಟನ್ ಎಳೆತ ತರಲು ನಿಜಕ್ಕೂ ಬೇಕಾದ ಟಾರ್ಕ್ ಸುಮಾರು 22 ನ್ಯೂಟನ್‌ಮೀಟರ್ ಮಾತ್ರ. ಉಳಿದ ಹತ್ತಿರ ಹತ್ತಿರ ಇನ್ನೂರು ಥ್ರೆಡ್ಡಿನ ಘರ್ಷಣೆಗೂ ನಟ್ಟಿನ ಕೆಳಮೈ ಘರ್ಷಣೆಗೂ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆ ತಿನ್ನುವಾಗ, ಆ ಘರ್ಷಣೆ ಒಂದಿಷ್ಟು ಹೆಚ್ಚುಕಡಿಮೆಯಾದರೆ ಬೋಲ್ಟಿಗೆ ಉಳಿಯುವ ಒಂದು ಪಾಲು ಅರ್ಧವೂ ಆಗಬಹುದು, ಒಂದೂವರೆಯೂ ಆಗಬಹುದು. ತರಗತಿಯಲ್ಲಿ ಓದಿದ್ದೆ, ಅಂಕಿಯಾಗಿ ಕಣ್ಣಾರೆ ಕಂಡದ್ದು ಆ ವಾರ.

ಬೋಲ್ಟು ಎಂದರೆ ಬಹಳ ಗಟ್ಟಿಯಾದ ಸ್ಪ್ರಿಂಗ್. ಎಷ್ಟು ಹಿಗ್ಗಿದೆ ಎಂದು ಗೊತ್ತಾದರೆ ಎಷ್ಟು ಎಳೆಯುತ್ತಿದೆ ಎಂದೂ ಗೊತ್ತಾಗುತ್ತದೆ. ನಮ್ಮ ಬೋಲ್ಟಿನ ಹಿಡಿತದ ಉದ್ದ, ಅಂದರೆ ತಲೆಗೂ ನಟ್ಟಿಗೂ ನಡುವಿನ ದೂರ, 55 ಮಿಲಿಮೀಟರ್. ತಲೆ ಮತ್ತು ನಟ್ಟಿನೊಳಗಿನ ಪಾಲು ಸೇರಿಸಿ ಹಿಗ್ಗುವ ಉದ್ದ 71 ಎಂದು ಹಿಡಿದರೆ, 68 ಕಿಲೋನ್ಯೂಟನ್‌ಗೆ ಅದು 0.15 ಮಿಲಿಮೀಟರ್ ಹಿಗ್ಗಬೇಕು. ಬೋಲ್ಟಿನ ಎರಡೂ ತುದಿಗೆ ಸೆಂಟರ್ ಡ್ರಿಲ್ಲಿನಿಂದ ಸಣ್ಣ ಕುಳಿ ಮಾಡಿ, ಹಳೆಯ ಬೇರಿಂಗ್ ಒಡೆದು ತೆಗೆದ ಉಕ್ಕಿನ ಗುಂಡುಗಳನ್ನು ಗ್ರೀಸಿನಿಂದ ಅಂಟಿಸಿದೆವು. ಬೋಲ್ಟು ತಟ್ಟೆಯ ಅಂಚಿಗೆ ಹತ್ತಿರವಿದ್ದುದರಿಂದ ಮೈಕ್ರೋಮೀಟರಿನ ಕಮಾನು ಎರಡೂ ಗುಂಡುಗಳನ್ನು ಸುತ್ತಿ ಹಿಡಿಯುತ್ತಿತ್ತು. ಗುಂಡಿನ ಮೇಲೆ ಅಳೆದರೆ ಮೈಕ್ರೋಮೀಟರ್ ಸ್ವಲ್ಪ ಓರೆಯಾದರೂ ಅಳತೆ ಕೆಡುವುದಿಲ್ಲ. ಕೆಡಿಸುವುದು ಬಿಸಿ. ಆ ಬೋಲ್ಟು 10 ಡಿಗ್ರಿ ಬಿಸಿಯೇರಿದರೆ 10 ಮೈಕ್ರಾನ್ (0.01 ಮಿಲಿಮೀಟರ್) ಉದ್ದವಾಗುತ್ತದೆ. ಅಷ್ಟಕ್ಕೇ ಲೆಕ್ಕದಲ್ಲಿ 4ರಿಂದ 5 ಕಿಲೋನ್ಯೂಟನ್ ತಪ್ಪು ಬರುತ್ತದೆ. ಹಾಗಾಗಿ ಹೊಸ ಬೋಲ್ಟುಗಳನ್ನು ಹಿಂದಿನ ರಾತ್ರಿಯೇ ಯಂತ್ರದ ಪಕ್ಕದಲ್ಲಿಟ್ಟು ಬೆಳಿಗ್ಗೆ ಅಳೆದೆವು.

ನಾಲ್ಕು ಬೋಲ್ಟುಗಳನ್ನು ಎರಡು ಸಲ ಬೇರೆ ಬೇರೆ ಹೊಸ ಜೊತೆಗಳಿಂದ ಕಟ್ಟಿದೆವು, ಒಟ್ಟು ಎಂಟು. ಎಲ್ಲಕ್ಕೂ ಅದೇ ರೆಂಚ್, ಅದೇ 210, ಅದೇ ಕೈ. ಹಿಗ್ಗಿದ್ದು 0.085ರಿಂದ 0.155 ಮಿಲಿಮೀಟರ್ ತನಕ. ಅಂದರೆ ಹಿಡಿತ ಒಂದರಲ್ಲಿ 70 ಕಿಲೋನ್ಯೂಟನ್, ಇನ್ನೊಂದರಲ್ಲಿ 38. ಯಂತ್ರ ಒಂದು ರಾತ್ರಿ ಓಡಿದ ಮೇಲೆ, ನಟ್ಟುಗಳ ಮೇಲೆ ನಾವು ಎಳೆದ ಬಣ್ಣದ ಗೆರೆಗಳು ಕದಲಿರಲಿಲ್ಲ. ಯಾವ ನಟ್ಟೂ ತಿರುಗಿರಲಿಲ್ಲ. ಆದರೂ ಅತ್ಯಂತ ಸಡಿಲವಾಗಿದ್ದ ಬೋಲ್ಟಿನ ಹಿಗ್ಗು 0.05ಕ್ಕೆ ಇಳಿದಿತ್ತು. 23 ಕಿಲೋನ್ಯೂಟನ್. ಜಾರಲು ಬೇಕಾದ್ದು 25ರ ಕೆಳಗೆ.

ನಟ್ಟು ತಿರುಗದೆ ಬಿಗಿ ಹೋದದ್ದು ಎಲ್ಲಿಗೆ? ಉತ್ತರ ಬ್ಲಾಕಿನ ಕೆಳಗೇ ಇತ್ತು. ತಟ್ಟೆಗೆ ನಾವು ದಪ್ಪಗೆ ಬಣ್ಣ ಬಳಿದು ಕಳುಹಿಸಿದ್ದೆವು, ಮೇಲ್ಮೈಗೂ ಕೆಳಮೈಗೂ. ಒತ್ತಡದಲ್ಲಿ ಬಣ್ಣ ಮೆಲ್ಲನೆ ಹರಿದು ತೆಳುವಾಗುತ್ತದೆ. ಪ್ಲಮ್ಮರ್ ಬ್ಲಾಕಿನ ತೂತು ಹೊಂದಾಣಿಕೆಗಾಗಿ ಉದ್ದನೆಯದ್ದಾಗಿತ್ತು. ಅದರ ಮೇಲಿಟ್ಟ 3 ಮಿಲಿಮೀಟರ್ ವಾಷರ್ ತೂತಿನೊಳಕ್ಕೆ ಬಟ್ಟಲಿನಂತೆ ಕುಸಿದಿತ್ತು. ಗಿಡ್ಡ ಬೋಲ್ಟಿನಲ್ಲಿ ಇದು ತುಂಬ ದುಬಾರಿ. ನಮ್ಮ ಜೋಡಣೆಯಲ್ಲಿ 10 ಮೈಕ್ರಾನ್ ಕುಸಿತಕ್ಕೆ ಸುಮಾರು 4 ಕಿಲೋನ್ಯೂಟನ್ ಹಿಡಿತ ಹೋಗುತ್ತದೆ. ಬಣ್ಣ, ವಾಷರ್ ಎಲ್ಲ ಸೇರಿ 40 ಮೈಕ್ರಾನ್ ಕುಸಿದರೆ 38 ಇದ್ದದ್ದು 23ಕ್ಕೆ ಇಳಿಯುತ್ತದೆ. ಒಮ್ಮೆ ಜಾರಲು ಶುರುವಾದ ಮೇಲೆ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಡ್ಡ ಅಲುಗಾಟವೇ ಬೋಲ್ಟು ಸಡಿಲವಾಗುವುದಕ್ಕೆ ಮುಖ್ಯ ಕಾರಣ ಎಂದು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅವರ ಹೆಸರಿನ ಪರೀಕ್ಷಾ ಯಂತ್ರದಲ್ಲಿ ಸ್ಪ್ರಿಂಗ್ ವಾಷರ್ ಇಂದಿಗೂ ಸೋಲುತ್ತದೆ: ಹಿಡಿತದ ಬಲದ ಒಂದು ಸಣ್ಣ ಭಾಗಕ್ಕೇ ಅದು ಚಪ್ಪಟೆಯಾಗಿ ಸಾಮಾನ್ಯ ವಾಷರ್ ಆಗಿಬಿಡುತ್ತದೆ.

ಟಾರ್ಕ್ ಇಳಿಸುವ ನಿರ್ಧಾರ

ಬಾಯ್ಲರ್ ಮತ್ತು ಇವಾಪರೇಟರ್ ಶುಚಿ ಮಾಡಲು ಕಾರ್ಖಾನೆ ನಿಲ್ಲುವುದಿತ್ತು. ಆ ನಿಲುಗಡೆಯಲ್ಲಿ ನಮಗೆ ಆರು ಗಂಟೆ ಸಿಗುತ್ತಿತ್ತು.

ತಟ್ಟೆಯ ಮೇಲೆ, ಬ್ಲಾಕಿನ ಎರಡೂ ತುದಿಗೆ ಉಕ್ಕಿನ ತಡೆ ಬೆಸೆದುಬಿಡಿ, ಬ್ಲಾಕ್ ಜಾರಲು ಜಾಗವೇ ಇರುವುದಿಲ್ಲ ಎಂಬುದು ಕಾರ್ಖಾನೆಯ ಎಂಜಿನಿಯರ್ ಕೊಟ್ಟ ಸಲಹೆ. ಒಳ್ಳೆಯ ಸಲಹೆ. ಬಲ ಅಡಿತಟ್ಟೆಗೆ ಸಮಾನಾಂತರವಾಗಿ ಬರುವಾಗ ಹೀಗೆ ತಡೆ ಕೊಡಬೇಕೆಂದು ಬೇರಿಂಗ್ ತಯಾರಕರ ಕೈಪಿಡಿಗಳೂ ಹೇಳುತ್ತವೆ. ನಾನು ಮೊದಲೇ ಮಾಡಬೇಕಿದ್ದ ಕೆಲಸ ಅದು. ಆದರೆ ತಡೆಯೊಂದನ್ನೇ ಮಾಡಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಬೆಸುಗೆಯ ಬಿಸಿಗೆ ತಟ್ಟೆ ಸೊಟ್ಟಾದರೆ, ತಡೆಗೂ ಬ್ಲಾಕಿಗೂ ನಡುವೆ ಒಂದು ಕೂದಲೆಳೆ ಸಂದು ಉಳಿದರೆ, ಅಷ್ಟರೊಳಗೆ ಜಾರಾಟ ಮುಂದುವರಿಯುತ್ತದೆ. ಹಿಡಿತವನ್ನೂ ಸರಿಪಡಿಸಿ ತಡೆಯನ್ನೂ ಕೊಡೋಣ ಎಂದು ವಾದಿಸಿದೆ. ಎರಡು ತಾಸು ಚರ್ಚೆಯಾಯಿತು. ಕೊನೆಗೆ ಎರಡಕ್ಕೂ ಒಪ್ಪಿಗೆ ಸಿಕ್ಕಿತು.

ನಿಜವಾದ ಜಟಾಪಟಿ ನಡೆದದ್ದು ಟಾರ್ಕ್ ಬಗ್ಗೆ. ಬೋಲ್ಟಿನ ಥ್ರೆಡ್ಡಿಗೂ ನಟ್ಟಿನ ಕೆಳಗೂ ಯಂತ್ರದ ಎಣ್ಣೆ ಹಚ್ಚಿ, ಟಾರ್ಕನ್ನು 210ರಿಂದ 165ಕ್ಕೆ ಇಳಿಸಬೇಕು ಎಂದೆ. ಫಿಟ್ಟರ್ ಕಾಕಾ ರೆಂಚ್ ಕೆಳಗಿಟ್ಟರು.

“ಸಾಹೇಬರೇ, ಮುರಿಯುತ್ತಿರುವ ಬೋಲ್ಟಿಗೆ ಎಣ್ಣೆ ಹಾಕಿ, ಮೇಲೆ ಬಿಗಿಯನ್ನೂ ಕಡಿಮೆ ಮಾಡಿ ಅನ್ನುತ್ತೀರಿ. ನಾಳೆ ಮುರಿದರೆ ಬೈಸಿಕೊಳ್ಳುವವನು ನಾನು.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೂವತ್ತು ವರ್ಷ ಕೈಯಲ್ಲಿ ಹಿಡಿದ ಅನುಭವಕ್ಕೆ ಕಾಗದದ ಗುಣಾಂಕ ಉತ್ತರವಾಗುವುದಿಲ್ಲ. ಒಂದು ಹಳೆಯ ಬ್ಲಾಕನ್ನು ವರ್ಕ್‌ಶಾಪಿನ ಮಟ್ಟಸ ಮಾಡಿದ ತಟ್ಟೆಯ ಮೇಲಿಟ್ಟು, ಎಣ್ಣೆ ಹಚ್ಚಿದ ಆರು ಬೋಲ್ಟುಗಳನ್ನು ಒಂದೊಂದಾಗಿ 165ಕ್ಕೆ ಬಿಗಿ ಮಾಡಲು ಅವರನ್ನೇ ಕೇಳಿಕೊಂಡೆ. ಮೈಕ್ರೋಮೀಟರನ್ನೂ ಅವರ ಕೈಗೇ ಕೊಟ್ಟೆ. ಅವರು ಓದಿ ಹೇಳಿದ ಹಿಗ್ಗು 0.14ರಿಂದ 0.155. ಕಡಿಮೆ ಟಾರ್ಕಿಗೆ ಹೆಚ್ಚು ಹಿಡಿತ, ಮತ್ತು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಹಿಡಿತ. ಆರನೆಯದನ್ನು ಅವರು ಎರಡು ಸಲ ಅಳೆದರು. ಆಮೇಲೆ ಎಣ್ಣೆಯ ಡಬ್ಬಿಯನ್ನು ಅವರೇ ಎತ್ತಿಕೊಂಡರು.

ಎಣ್ಣೆ ಹಚ್ಚಿದ ಬೋಲ್ಟಿಗೆ ಹಳೆಯ 210 ಹಾಕಿದ್ದರೆ ಎಳೆತ 87 ಕಿಲೋನ್ಯೂಟನ್ ಮುಟ್ಟುತ್ತಿತ್ತು, ತಾಳುವ 91ರ ಅಂಚಿಗೆ. ಬಿಗಿ ಮಾಡುವಾಗ ಬೋಲ್ಟು ತಿರುಚುವ ಸ್ಟ್ರೆಸ್ ಅದರ ಮೇಲೆ ಬೇರೆ. ಪೈಪ್ ತೂರಿಸಿ ಬಿಗಿ ಮಾಡಿದ್ದ ಬೋಲ್ಟುಗಳಲ್ಲಿ ಒಂದನ್ನು ಆಮೇಲೆ ಹೊಸದರ ಪಕ್ಕದಲ್ಲಿಟ್ಟು ನೋಡಿದಾಗ ಅದು ಶಾಶ್ವತವಾಗಿ ಹಿಗ್ಗಿತ್ತು. ಕೈಯಿಂದ ತಿರುಗಿಸಿದರೆ ನಟ್ಟು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಆರು ಗಂಟೆಯಲ್ಲಿ ಬ್ಲಾಕ್ ಕೂರುವ ಜಾಗದ ಬಣ್ಣವನ್ನೆಲ್ಲ ಕೆರೆದು, ಉಜ್ಜಿ ಮಟ್ಟ ಮಾಡಿದೆವು. ಉದ್ದ ತೂತಿನ ಮೇಲೆ 10 ಮಿಲಿಮೀಟರ್ ದಪ್ಪದ ಗಡಸು ವಾಷರ್, ಅದರ ಮೇಲೆ 40 ಮಿಲಿಮೀಟರ್ ಎತ್ತರದ ಉಕ್ಕಿನ ತೋಳು (ಬೋಲ್ಟನ್ನು ಸುತ್ತುವರಿಯುವ ಕೊಳವೆ), ಉದ್ದನೆಯ 8.8 ಬೋಲ್ಟು. ಬೋಲ್ಟು ಉದ್ದವಾದಷ್ಟೂ ಅದೇ ಹಿಡಿತಕ್ಕೆ ಹೆಚ್ಚು ಹಿಗ್ಗುತ್ತದೆ: 0.15 ಇದ್ದದ್ದು 0.25 ಆಯಿತು. 10 ಮೈಕ್ರಾನ್ ಕುಸಿತಕ್ಕೆ 4 ಕಿಲೋನ್ಯೂಟನ್ ಕಳೆಯುತ್ತಿದ್ದದ್ದು ಈಗ ಎರಡೂವರೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಈ ತೋಳು. ಗಟ್ಟಿಗಿಂತ ಹಿಗ್ಗುವ ಗುಣ ಬೋಲ್ಟನ್ನು ಹೆಚ್ಚು ಕಾಪಾಡುತ್ತದೆ ಎಂಬುದನ್ನು ಅದಕ್ಕಿಂತ ಅಗ್ಗವಾಗಿ ತೋರಿಸುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ತಡೆಗಳನ್ನು ತಟ್ಟೆಗೆ ಬೆಸೆದು, ತಣ್ಣಗಾದ ಮೇಲೆ ತೆಳು ಹಾಳೆ ತುಂಬಿ ಸಂದು ಮುಚ್ಚಿದೆವು. ಇಪ್ಪತ್ನಾಲ್ಕು ಗಂಟೆಯ ಬಳಿಕ ಮತ್ತೆ ಅಳೆದು, ಸ್ವಲ್ಪ ಇಳಿದಿದ್ದ ಎರಡು ಬೋಲ್ಟುಗಳನ್ನು 165ಕ್ಕೆ ಮತ್ತೆ ಎಳೆದೆವು.

ಹಂಗಾಮು ಮುಗಿದ ಮೇಲೆ

ಆ ಹಂಗಾಮಿನಲ್ಲಿ ಮತ್ತೆ ಬೋಲ್ಟು ಮುರಿಯಲಿಲ್ಲ. ಕಬ್ಬು ಮುಗಿದು ಯಂತ್ರ ಬಿಚ್ಚಿದಾಗ ನಾನು ಹೋಗಿದ್ದೆ. ಬಿಚ್ಚುವ ಮೊದಲು ಅಳೆದದ್ದರಲ್ಲಿ ಮೂರು ಬೋಲ್ಟುಗಳ ಹಿಗ್ಗು 0.24ರ ಆಸುಪಾಸು, 65 ಕಿಲೋನ್ಯೂಟನ್. ನಾಲ್ಕನೆಯದು 0.19ಕ್ಕೆ ಇಳಿದಿತ್ತು, 52. ಅದರ ಕೆಳಗಡೆ, ತಟ್ಟೆಯ ಅಡಿಮೈಯಲ್ಲಿ ನಟ್ಟು ಕೂರುವ ಜಾಗದಲ್ಲಿ ಅರ್ಧಚಂದ್ರದಷ್ಟು ಬಣ್ಣ ಉಳಿದುಹೋಗಿತ್ತು. ಆರು ಗಂಟೆಯ ಗಡಿಬಿಡಿಯಲ್ಲಿ ಕೆಳಗೆ ಮಲಗಿ ನೋಡಿದವರಿಲ್ಲ. ಬ್ಲಾಕಿನ ಕೆಳಗೆ ಕೆಂಪು ಪುಡಿ ಇರಲಿಲ್ಲ.

ನಮ್ಮ ಕಚೇರಿಯಲ್ಲಿ ಇದರಿಂದ ಬದಲಾದದ್ದು ಮುಖ್ಯವಾಗಿ ಮೂರು ಕೆಲಸ. ಬೋಲ್ಟ್ ಜೋಡಣೆಯ ವಿಶ್ಲೇಷಣೆಯಲ್ಲಿ ‘ಅಂಟಿಕೊಂಡ’ ಸಂಪರ್ಕ ಬಳಸಿದರೆ, ಜಾರುವುದಿಲ್ಲ ಎಂಬುದನ್ನು ಕೈಲೆಕ್ಕದಿಂದ ಬೇರೆಯಾಗಿ ತೋರಿಸಬೇಕು. ಅದೂ ಗುರಿಯಿಟ್ಟ ಹಿಡಿತಕ್ಕಲ್ಲ, ಟಾರ್ಕಿನ ಹೆಚ್ಚುಕಡಿಮೆ ಮತ್ತು ಕುಸಿತ ಕಳೆದು ಉಳಿಯುವ ಕನಿಷ್ಠ ಹಿಡಿತಕ್ಕೆ. ನಮ್ಮ ಬೋಲ್ಟಿಗೆ ಆ ಲೆಕ್ಕ ಮೊದಲೇ ಹಾಕಿದ್ದರೆ 68ರ ಬದಲು 23 ಬಂದಿರುತ್ತಿತ್ತು, ನಕ್ಷೆಗೆ ಸಹಿ ಬೀಳುತ್ತಿರಲಿಲ್ಲ. ಎರಡನೆಯದಾಗಿ, ನಕ್ಷೆಯಲ್ಲಿ ಟಾರ್ಕ್ ಅಂಕಿಯೊಂದನ್ನೇ ಬರೆಯುವುದನ್ನು ನಿಲ್ಲಿಸಿದೆವು. ಎಣ್ಣೆ ಇದೆಯೇ ಇಲ್ಲವೇ, ವಾಷರ್ ಯಾವುದು, ಬಣ್ಣ ಎಲ್ಲಿ ಕೂಡದು ಎಂಬುದೂ ಅದೇ ಸಾಲಿನಲ್ಲಿ ಇರಬೇಕು. ಇವಿಲ್ಲದ 210ಕ್ಕೆ ಅರ್ಥವೇ ಇಲ್ಲ. ಮೂರನೆಯದು ನಿರ್ವಹಣಾ ಪುಸ್ತಿಕೆಗೆ ಸೇರಿಸಿದ ಒಂದು ಪುಟ: ಒರೆಸಿದರೂ ಮರುದಿನ ಮರಳುವ ಕೆಂಪು ಪುಡಿ ಕಂಡರೆ ಯಂತ್ರ ನಿಲ್ಲಿಸಿ ಹಿಡಿತ ಅಳೆಯಿರಿ.

ಆ ಪುಟಕ್ಕೆ ಹಾಕಿದ ಫೋಟೋ ಫಿಟ್ಟರ್ ಕಾಕಾ ತಮ್ಮ ಮೊಬೈಲಿನಲ್ಲಿ ತೆಗೆದದ್ದು, ಮೊದಲ ಬೋಲ್ಟು ಮುರಿಯುವುದಕ್ಕೆ ಐದು ದಿನ ಮುಂಚೆ. ಮುಂದಿನ ಹಂಗಾಮು ಶುರುವಾಗುವ ಮೊದಲು ಅವರು ಸ್ಪ್ರಿಂಗ್ ಹಲಗೆಗಳನ್ನು ಹಿಡಿದಿರುವ ಬೋಲ್ಟುಗಳಿಗೂ ತಾವೇ ಕುಳಿ ಹೊಡೆಸಿ, ಬಣ್ಣ ಕೆರೆಸಿ, ಒಂದು ವಹಿಯಲ್ಲಿ ಪ್ರತಿಯೊಂದರ ಉದ್ದ ಬರೆದಿಟ್ಟಿದ್ದರು. ಅದರ ಪ್ರತಿಯನ್ನು ನಮಗೂ ಕಳುಹಿಸಿದರು. ಹಲಗೆಯ ಬೋಲ್ಟುಗಳಿಗೆ ನಾವು ಕೊಟ್ಟಿದ್ದ ಟಾರ್ಕ್ ಅಂಕಿಯನ್ನು ಆ ಅಳತೆಗಳನ್ನು ನೋಡಿ ಬದಲಿಸಿದೆವು.